ಶಾಸನದ ಕಾಲವೂ ಗಣಕಯಂತ್ರದ ನಿಯಮವೂ

ಶಾಸನವೊಂದರಲ್ಲಿ ಶಕವರ್ಷ ೧೨೫೮ ಎಂದೂ ಧಾತು ಸಂವತ್ಸರವೆಂದೂ ಕೊಟ್ಟಿದ್ದರೆ, ಅವೆರಡೂ ಹೊಂದುತ್ತವೆಯೆ ಎಂಬುದನ್ನು ಬಲ್ಲವರು ಕ್ಷಣಮಾತ್ರದಲ್ಲಿ ಹೇಳುತ್ತಾರೆ. ಗತಶಕಕ್ಕೆ ೧೨ನ್ನು ಕೂಡಿಸಿ ೬೦ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷವೇ ಉಳಿಯದಿದ್ದರೆ ಅದು ಕಡೆಯದಾದ ಅಕ್ಷಯ. ಇಲ್ಲಿ ಶೇಷ ೧೦. ಹತ್ತನೆಯದು ಧಾತುವೇ ಸರಿ. (ಬೃಹಸ್ಪತಿಯ ಗತಿಯನ್ನು ಅನುಸರಿಸುವ ಉತ್ತರದ ಎಣಿಕೆಗೆ ಈ ಸೂತ್ರ ಸಲ್ಲದು.) ಆದರೆ ಸಾವಿರಾರು ಶಾಸನಗಳ ಪಾಠಗಳು ಗಣಕಯಂತ್ರದ ಭಂಡಾರವನ್ನು ಸೇರಿದ ಮೇಲೆ ಈ ತಾಳೆ ನೋಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದು ಹೇಗೆ? ಒಪ್ಪಿಸಿದರೆ ಎಲ್ಲಿಯವರೆಗೆ?

ಇಂಥ ಪಾಠಗಳನ್ನು ಇಂದು ಸಾಮಾನ್ಯವಾಗಿ ಎಕ್ಸ್‌ಎಂಎಲ್ ಎಂಬ ರೂಪದಲ್ಲಿ ಇಡುತ್ತಾರೆ. ೧೯೯೮ರ ಫೆಬ್ರವರಿಯಲ್ಲಿ ನಿರ್ಣಯವಾದ ಈ ಪದ್ಧತಿಯಲ್ಲಿ ಬರಹದ ಒಂದೊಂದು ಭಾಗಕ್ಕೂ ಹೆಸರುಳ್ಳ ಟ್ಯಾಗಿನ ಹೊದಿಕೆಯುಂಟು: ಇದು ದಾನಿಯ ಹೆಸರು, ಇದು ಕಾಲ, ಇದು ಒಡೆದುಹೋದ ಅಕ್ಷರ, ಎಂದು. ೧೯೮೭ರಲ್ಲಿ ಆರಂಭವಾದ ಟಿಇಐ ಎಂಬ ವಿದ್ವತ್ಪ್ರಯತ್ನವು ಗ್ರಂಥಸಂಪಾದನೆಗಾಗಿ ಈ ಹೆಸರುಗಳನ್ನು ಗೊತ್ತುಮಾಡುತ್ತ ಬಂದಿದೆ. ಶಾಸನಗಳಿಗಾಗಿ ಅದರಿಂದಲೇ ಎಪಿಡಾಕ್ ಎಂಬ ಶಾಖೆಯೊಂದು ಬೆಳೆಯಿತು.

ಬರಹ ಸರಿಯಾಗಿದೆಯೆ ಎಂದು ನೋಡುವ ಮೊದಲನೆಯ ವಿಧಾನವನ್ನು ವ್ಯಾಕರಣದ ವಿಧಾನವೆನ್ನಬಹುದು. ಯಾವ ಟ್ಯಾಗಿನೊಳಗೆ ಯಾವುದು, ಯಾವ ಕ್ರಮದಲ್ಲಿ, ಎಷ್ಟು ಸಲ ಬರಬಹುದೆಂಬ ಪಟ್ಟಿಯನ್ನು ಮುಂದಿಟ್ಟುಕೊಂಡು ಯಂತ್ರವು ಒಪ್ಪಿಸಿನೋಡುತ್ತದೆ. ಇದು ಉಪಯುಕ್ತವೇ, ಆದರೆ ಸಾಲದು. ಬ್ಯಾಂಕುಗಳ ನಡುವೆ ಹರಿಯುವ ಐಎಸ್‌ಒ ೨೦೦೨೨ ಮಾದರಿಯ ಸಂದೇಶಗಳನ್ನು ನೋಡಬಹುದು. ಭಾರತದ ಆರ್‌ಟಿಜಿಎಸ್ ಕೂಡ ೨೦೧೩ರಿಂದ ಈ ಮಾದರಿಯನ್ನು ಬಳಸುತ್ತಿದೆ. ಗ್ರಾಹಕನು ಬ್ಯಾಂಕಿಗೆ ಕಳುಹಿಸುವ ಸಂದಾಯದ ಸಂದೇಶದ ತಲೆಭಾಗದಲ್ಲಿ ಸಂದಾಯಗಳ ಸಂಖ್ಯೆಯಿರುತ್ತದೆ. ಅವುಗಳ ಒಟ್ಟು ಮೊತ್ತವನ್ನೂ ಕೊಡಬಹುದು. ಒಳಗೆ ೪,೦೦೦, ೨,೫೦೦, ೧,೭೫೦ ರೂಪಾಯಿಗಳ ಮೂರು ಸಂದಾಯಗಳಿದ್ದು ತಲೆಭಾಗದಲ್ಲಿ ೮,೫೨೦ ಎಂದಿದ್ದರೆ ವ್ಯಾಕರಣಕ್ಕೆ ಯಾವ ದೋಷವೂ ಕಾಣದು. ಅಂಕಿ ಇರಬೇಕಾದಲ್ಲಿ ಅಂಕಿಯಿದೆ. ನಿಜವಾದ ಮೊತ್ತ ೮,೨೫೦. (ವ್ಯತ್ಯಾಸವು ೯ರಿಂದ ಭಾಗವಾದರೆ ಅಂಕಿಗಳು ಸ್ಥಾನ ಬದಲಾಯಿಸಿರಬಹುದೆಂಬುದು ಹಳೆಯ ಗುಮಾಸ್ತರ ಅನುಭವ.)

ಈ ಕೊರತೆಯನ್ನು ತುಂಬಲು ರಿಕ್ ಜೆಲಿಫ್ ಎಂಬವರು ೧೯೯೯ರಲ್ಲಿ, ತೈಪೆಯ ಅಕಾಡೆಮಿಯಾ ಸಿನಿಕಾದಲ್ಲಿದ್ದಾಗ, ಸ್ಕೀಮಾಟ್ರಾನ್ ಎಂಬ ಭಾಷೆಯನ್ನು ರೂಪಿಸಿದರು. ೨೦೦೬ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಇದರಲ್ಲಿ ಬರೆಯತಕ್ಕದ್ದು ಪಟ್ಟಿಯನ್ನಲ್ಲ, ನಿಯಮಗಳನ್ನು. ಪ್ರತಿಯೊಂದು ನಿಯಮವೂ ಬರಹದ ಯಾವ ಭಾಗಕ್ಕೆ ತಾನು ಅನ್ವಯಿಸುವೆನೆಂದು ಮೊದಲು ಹೇಳುತ್ತದೆ. ಅಲ್ಲಿ ನಿಜವಾಗಿರಬೇಕಾದ ಸಂಗತಿಯನ್ನು ಎಕ್ಸ್‌ಪಾತ್ ಭಾಷೆಯಲ್ಲಿ ಕೊಡುತ್ತದೆ. ಅದು ಸುಳ್ಳಾದಾಗ ಓದುಗನಿಗೆ ತಿಳಿಸಬೇಕಾದ ಮಾತನ್ನು ಜೊತೆಗಿಟ್ಟಿರುತ್ತದೆ. ಈ ಕೊನೆಯ ಗುಣವೇ ಸ್ಕೀಮಾಟ್ರಾನಿನ ಹಿರಿಮೆಯೆನ್ನಬೇಕು. ಸಾಮಾನ್ಯ ಪರೀಕ್ಷಕಗಳು ಯಂತ್ರದ ಪರಿಭಾಷೆಯಲ್ಲಿ ಗೊಣಗುತ್ತವೆ. ಇಲ್ಲಿಯಾದರೋ ನಿಯಮವನ್ನು ಬರೆದವನು ಅಚ್ಚಕನ್ನಡದಲ್ಲಿಯೇ ದೋಷವನ್ನು ಹೇಳಬಹುದು.

ಭಂಡಾರದ ವಿಷಯಕ್ಕೆ ಬಂದರೆ ತೊಡಕು ಹೆಚ್ಚುತ್ತದೆ. ವೋಲ್ಫ್‌ಗಾಂಗ್ ಮೈಯರ್ ೨೦೦೦ದಲ್ಲಿ ಆರಂಭಿಸಿದ ಎಕ್ಸಿಸ್ಟ್ ಎಂಬ ಎಕ್ಸ್‌ಎಂಎಲ್ ಡೇಟಾಬೇಸಿನಲ್ಲಿ, ಬರಹವೊಂದು ಒಳಬರುವ ಮುನ್ನ ಅಥವಾ ಬಂದ ಬಳಿಕ ಪರೀಕ್ಷೆಯು ತಾನಾಗಿಯೇ ನಡೆಯುವಂತೆ ಏರ್ಪಡಿಸಬಹುದು. ಆದರೆ ಬಾಗಿಲಲ್ಲಿ ನಿಂತ ಕಾವಲುಗಾರನಿಗೆ ಕಾಣುವುದು ಒಳಬರುವವನು ಮಾತ್ರ. ಇನ್ನೂರು ಶಾಸನಗಳು ಆಧರಿಸಿರುವ ವ್ಯಕ್ತಿನಾಮಗಳ ಪಟ್ಟಿಯಿಂದ ಯಾರಾದರೂ ಒಂದು ಹೆಸರನ್ನು ತೆಗೆದರೆ ಪಟ್ಟಿಯು ನಿರ್ದೋಷವಾಗಿಯೇ ಉಳಿಯುತ್ತದೆ. ಕೆಡುವುದು ಅದನ್ನು ಅವಲಂಬಿಸಿದ ಶಾಸನಗಳು. ನಿಯಮವನ್ನೇ ತಿದ್ದಿದಾಗಲೂ ಹೀಗೆಯೇ: ಹಳೆಯ ನಿಯಮದಡಿ ಒಳಹೊಕ್ಕ ಬರಹಗಳನ್ನು ಯಾರೂ ಮತ್ತೆ ಕೇಳುವುದಿಲ್ಲ. ಆದುದರಿಂದ ಬಾಗಿಲ ಪರೀಕ್ಷೆಯೊಡನೆ ಇಡೀ ಭಂಡಾರವನ್ನು ಆಗಾಗ ಮೊದಲಿಂದ ಕಡೆಯವರೆಗೆ ಪರೀಕ್ಷಿಸುವುದು ಅವಶ್ಯ.

ಎಲ್ಲಕ್ಕಿಂತ ಗಹನವಾದ ಪ್ರಶ್ನೆ ಬೇರೊಂದಿದೆ. ಸಂದಾಯದ ಮೊತ್ತ ಹೊಂದದಿದ್ದರೆ ಸಂದೇಶವನ್ನು ಹಿಂದಿರುಗಿಸುವುದೇ ನ್ಯಾಯ. ಶಾಸನದ ಶಕವೂ ಸಂವತ್ಸರವೂ ಹೊಂದದಿದ್ದರೆ? ಬರೆದವನು ಗತಶಕದ ಬದಲು ವರ್ತಮಾನ ಶಕವನ್ನು ಕೊಟ್ಟಿರಬಹುದು. ಆಗ ಒಂದು ವರ್ಷದ ಅಂತರ ಸಹಜ. ಕಂಡರಿಸಿದವನು ತಪ್ಪಿರಬಹುದು. ಶಾಸನವು ಎಷ್ಟೋ ಕಾಲದ ಮೇಲೆ ಸೃಷ್ಟಿಸಿದ ಕೂಟಶಾಸನವೇ ಆಗಿರಬಹುದು. ಆಗ ಈ ಹೊಂದಿಕೆಯಿಲ್ಲದಿರುವುದೇ ಅದನ್ನು ಹಿಡಿದುಕೊಡುವ ಸಾಕ್ಷ್ಯ. ಯಂತ್ರವು ಇಂಥ ಪಾಠವನ್ನು ಒಳಗೆ ಬಿಡದಿದ್ದರೆ, ದಿನವಿಡೀ ದುಡಿದು ಬಳಲಿದ ಲಿಪಿಕಾರನು ಒಂದು ಅಂಕಿಯನ್ನು ಬದಲಿಸಿ ಅದನ್ನು ತೃಪ್ತಿಪಡಿಸುತ್ತಾನೆ. ಕಲ್ಲಿನ ಮೇಲೆ ಏನಿತ್ತೆಂಬುದು ಆ ಕ್ಷಣಕ್ಕೆ ಭಂಡಾರದಿಂದ ಮರೆಯಾಗುತ್ತದೆ. ಪರೀಕ್ಷೆಯ ವರದಿಯಾದರೋ ನಿಷ್ಕಳಂಕ.

ಸ್ಕೀಮಾಟ್ರಾನಿನಲ್ಲಿ ಇದಕ್ಕೆ ಅವಕಾಶವಿದೆ. ಒಂದು ನಿಯಮವನ್ನು ದೋಷವೆಂದೋ ಬರಿಯ ಎಚ್ಚರಿಕೆಯೆಂದೋ ಗುರುತಿಸಬಹುದು. ಕರಡಿನ ಹಂತಕ್ಕೆ ಕೆಲವು, ಪ್ರಕಟಣೆಯ ಹಂತಕ್ಕೆ ಕೆಲವು ನಿಯಮಗಳನ್ನು ಬೇರೆಬೇರೆಯಾಗಿ ಇಡಬಹುದು. ಟಿಇಐ ಪದ್ಧತಿಯಲ್ಲಿ ಮೂಲದ ತಪ್ಪನ್ನೂ ಸಂಪಾದಕನ ತಿದ್ದುಪಡಿಯನ್ನೂ ಜೊತೆಜೊತೆಯಾಗಿ ಉಳಿಸುವ ಟ್ಯಾಗುಗಳೂ ಇವೆ. ಹಾಗಿರುವಾಗ, ಶಕವೂ ಸಂವತ್ಸರವೂ ಹೊಂದಲೇಬೇಕೆಂಬುದಕ್ಕಿಂತ, ಹೊಂದದಿದ್ದಲ್ಲಿ ಸಂಪಾದಕರ ಟಿಪ್ಪಣಿ ಇರತಕ್ಕದ್ದು ಎಂಬುದೇ ಶಾಸನಗಳಿಗೆ ಒಪ್ಪುವ ನಿಯಮ. ಅದು ಮುರಿದಾಗ ಪರದೆಯ ಮೇಲೆ ಮೂಡಬೇಕಾದ ಮಾತು ಹೀಗಿರಬಹುದು: “ಶಕಕ್ಕೂ ಸಂವತ್ಸರಕ್ಕೂ ಒಂದು ವರ್ಷಕ್ಕಿಂತ ಹೆಚ್ಚಿನ ಅಂತರವಿದೆ. ಅಂಕಿಯನ್ನು ತಿದ್ದಬೇಡಿ, ಪಡಿಯಚ್ಚನ್ನು ನೋಡಿ ಟಿಪ್ಪಣಿ ಬರೆಯಿರಿ.”