ಚಿನ್ನದ ಊರು ನೋಡೋಣ ಬನ್ನಿ



ನಿಮ್ಮ ಕಿವಿಯ ಓಲೆ ಮುಟ್ಟಿ ನೋಡಿ. ತಾಳಿಯಲ್ಲಿ ಒಂದೆರಡು ಗುಂಡು ಇರಬಹುದು. ಅದು ಅಂಗಡಿಯಿಂದ ಬಂತು. ಅಂಗಡಿಗೆ ಬರುವ ಮೊದಲು ಅದು ಎಲ್ಲಿತ್ತು? ಭೂಮಿಯ ಒಳಗೆ, ಕಲ್ಲಿನ ಒಳಗೆ ಇತ್ತು. ಅದನ್ನು ಹೊರಗೆ ತಂದವರು ಯಾರು? ಅವರು ಈಗ ಹೇಗಿದ್ದಾರೆ?

ಇದನ್ನು ತಿಳಿಯಲು ನಾವು ಒಂದು ಊರಿಗೆ ಹೋಗಬೇಕು. ಅದು ನಮ್ಮ ಕೋಲಾರ ಜಿಲ್ಲೆಯ ಚಿನ್ನದ ಗಣಿಯ ಊರು. ಎಲ್ಲರೂ ಅದನ್ನು ಕೆ.ಜಿ.ಎಫ್. ಅಂತ ಕರೆಯುತ್ತಾರೆ. ಅಲ್ಲಿ ಈಗ ಗಣಿ ನಡೆಯುವುದಿಲ್ಲ. ಆದರೆ ನೋಡುವುದು ಬಹಳ ಇದೆ. ಸಂಘದವರೆಲ್ಲ ಸೇರಿ ಒಂದು ದಿನ ಹೋಗಿ ಬರಬಹುದು.

ಹೋಗುವುದು ಹೇಗೆ?

ಬೆಂಗಳೂರಿನಿಂದ ಕೆ.ಜಿ.ಎಫ್. ಸುಮಾರು 100 ಕಿಲೋಮೀಟರ್. ಬಸ್ಸು ಇದೆ, ರೈಲೂ ಇದೆ. ರೈಲಿನಲ್ಲಿ ಹೋದರೆ ಚೆನ್ನ. ಬಂಗಾರಪೇಟೆಯಿಂದ ಒಂದು ಕವಲು ದಾರಿ ಹೊರಡುತ್ತದೆ. ಗಣಿಗಾಗಿಯೇ ಹಾಕಿದ ರೈಲು ದಾರಿ ಅದು. ಉದ್ದ 16 ಕಿಲೋಮೀಟರ್ ಮಾತ್ರ.

ನಿಲ್ದಾಣದ ಹಳದಿ ಬೋರ್ಡುಗಳನ್ನು ಒಂದೊಂದಾಗಿ ಓದಿ. ಕೋರಮಂಡಲ್. ಊರಿಗಾಂ. ಚಾಂಪಿಯನ್. ಕೊನೆಗೆ ಮಾರಿಕುಪ್ಪಂ. ಇವು ಬರೀ ನಿಲ್ದಾಣದ ಹೆಸರಲ್ಲ. ಈ ಹೆಸರಿನ ಗಣಿಗಳೂ ಇದ್ದವು.

ಮೊದಲು ಕುಟ್ಟಿದವರು ಹೆಂಗಸರು

ಇಲ್ಲಿ ಚಿನ್ನ ಇದೆ ಅಂತ ಕಂಪನಿಯವರು ಕಂಡುಹಿಡಿದದ್ದಲ್ಲ. ಊರಿನವರಿಗೆ ಅದು ತಲೆತಲಾಂತರದಿಂದ ಗೊತ್ತಿತ್ತು. 1802ರಲ್ಲಿ ಜಾನ್ ವಾರನ್ ಎಂಬ ಇಂಗ್ಲಿಷ್ ಸೇನೆಯ ಅಧಿಕಾರಿ ಗಡಿ ಅಳೆಯಲು ಈ ಕಡೆ ಬಂದ. ಚಿನ್ನದ ಸುದ್ದಿ ಕೇಳಿದ. ತೋರಿಸಿದವರಿಗೆ ಬಹುಮಾನ ಕೊಡುತ್ತೇನೆ ಅಂದ. ಹಳ್ಳಿಯವರು ಗಾಡಿ ತುಂಬ ಮಣ್ಣು ತಂದರು. ಅವನ ಎದುರಿಗೇ ಮಣ್ಣು ತೊಳೆದು ಚಿನ್ನದ ಪುಡಿ ತೋರಿಸಿದರು.

ಮಾರಿಕುಪ್ಪಂನಲ್ಲಿ ಗಂಡಸರು ಗುಂಡಿಗೆ ಇಳಿದು ಕಲ್ಲು ತೆಗೆಯುತ್ತಿದ್ದರು. ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ ಮೇಲೆ ಕಳಿಸುತ್ತಿದ್ದರು. ಮೇಲೆ ಹೆಂಗಸರು ಆ ಕಲ್ಲನ್ನು ಬಂಡೆಯ ಮೇಲೆ ಹಾಕಿ ಕುಟ್ಟಿ ಪುಡಿ ಮಾಡುತ್ತಿದ್ದರು. ಒರಳಲ್ಲಿ ಕುಟ್ಟುತ್ತೇವಲ್ಲ, ಹಾಗೆ. ಆಮೇಲೆ ಪುಡಿಯನ್ನು ನೀರಿನಲ್ಲಿ ತೊಳೆಯುತ್ತಿದ್ದರು. ವಾರನ್ ಇದನ್ನೆಲ್ಲ ಬರೆದಿಟ್ಟ.

ಎಪ್ಪತ್ತು ವರ್ಷ ಕಳೆಯಿತು. ಬೆಂಗಳೂರಿನಲ್ಲಿದ್ದ ಲವೆಲ್ ಎಂಬ ಹಳೆಯ ಸಿಪಾಯಿ ಆ ಬರಹವನ್ನು ಓದಿದ. ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆ ಹೊರಟ. 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿ ತೋಡಲು ಅನುಮತಿ ಪಡೆದ. ಬೆಂಗಳೂರಿನ ಲವೆಲ್ ರಸ್ತೆ ಅವನ ಹೆಸರಿನದೇ.

ಆಮೇಲೆ ಚಿನ್ನದ ಆಸೆಗೆ ಇಂಗ್ಲೆಂಡಿನ ಕಂಪನಿಗಳು ಮುಗಿಬಿದ್ದವು. ಎಷ್ಟೋ ಕಂಪನಿಗಳು ಹಣ ಕಳೆದುಕೊಂಡು ಮುಳುಗಿದವು. 1883ರ ಹೊತ್ತಿಗೆ ಮೈಸೂರು ಗಣಿಯ ಹಣವೂ ಮುಗಿಯುತ್ತ ಬಂದಿತ್ತು. ಆಗ ಚಾಂಪಿಯನ್ ಎಂಬ ದೊಡ್ಡ ಚಿನ್ನದ ಪದರ ಸಿಕ್ಕಿತು. ಅಲ್ಲಿಂದ ಊರು ಬೆಳೆಯಿತು.

ಶಾಫ್ಟಿನ ಗೋಪುರ

ಊರಿನಲ್ಲಿ ಅಲ್ಲಲ್ಲಿ ಎತ್ತರದ ಕಬ್ಬಿಣದ ಗೋಪುರ ಕಾಣುತ್ತದೆ. ಅದರ ತುದಿಯಲ್ಲಿ ದೊಡ್ಡ ಗಾಲಿ. ಅದರ ಕೆಳಗೆ ಗಣಿಯ ಬಾವಿ. ಅದಕ್ಕೆ ಶಾಫ್ಟ್ ಅನ್ನುತ್ತಾರೆ. ಗಾಲಿಯ ಮೇಲೆ ತಂತಿಯ ಹಗ್ಗ ಓಡುತ್ತಿತ್ತು. ಹಗ್ಗಕ್ಕೆ ಪಂಜರದಂಥ ಡಬ್ಬಿ ಕಟ್ಟಿರುತ್ತಿತ್ತು. ಅದರಲ್ಲಿ ನಿಂತು ಕೆಲಸಗಾರರು ಕೆಳಗೆ ಇಳಿಯುತ್ತಿದ್ದರು.

ಎಷ್ಟು ಆಳ ಗೊತ್ತೆ? ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳಕ್ಕೆ ಹೋಗಿತ್ತು. ಒಂದರ ಮೇಲೊಂದು 160 ತೆಂಗಿನ ಮರ ನಿಲ್ಲಿಸಿದರೆ ಎಷ್ಟೋ ಅಷ್ಟು. ಒಂದು ಕಾಲಕ್ಕೆ ಪ್ರಪಂಚದಲ್ಲೇ ಬಹಳ ಆಳದ ಗಣಿಗಳಲ್ಲಿ ಇದೂ ಒಂದು.

ಅಷ್ಟು ಕೆಳಗೆ ಕಲ್ಲೇ ಬಿಸಿ. ಮುಟ್ಟಿದರೆ ಕೈ ಸುಡುತ್ತದೆ. ತಣ್ಣನೆ ಗಾಳಿಯನ್ನು ಮೇಲಿನಿಂದ ಯಂತ್ರದಲ್ಲಿ ಕಳಿಸಬೇಕಿತ್ತು. ಕೆಲವು ಸಲ ಭಾರ ತಡೆಯದೆ ಕಲ್ಲು ತಾನಾಗಿ ಸಿಡಿಯುತ್ತಿತ್ತು. ಆಗ ಮೇಲಿನ ಮನೆಗಳೂ ಅದುರುತ್ತಿದ್ದವು. ಕೆಳಗೆ ಗಂಡ ಇದ್ದಾನೆ, ಮಗ ಇದ್ದಾನೆ. ಮನೆಯಲ್ಲಿದ್ದ ಹೆಂಗಸಿನ ಎದೆ ಹೇಗೆ ಹೊಡೆದುಕೊಂಡಿರಬೇಕು, ನೀವೇ ಯೋಚಿಸಿ.

ಕಲ್ಲು ಕೊರೆಯುವಾಗ ಸಣ್ಣ ದೂಳು ಏಳುತ್ತಿತ್ತು. ಅದು ಶ್ವಾಸಕೋಶಕ್ಕೆ ಸೇರಿ ಅಲ್ಲೇ ಕೂರುತ್ತದೆ. ಇದರಿಂದ ಬರುವ ಕಾಯಿಲೆಗೆ ಸಿಲಿಕೋಸಿಸ್ ಎಂದು ಹೆಸರು. ಕೆಮ್ಮು, ಏದುಸಿರು ಬರುತ್ತದೆ. ಹಾಳಾದ ಶ್ವಾಸಕೋಶ ಮತ್ತೆ ಮೊದಲಿನಂತೆ ಆಗುವುದಿಲ್ಲ. ಗಣಿಯ ಎಷ್ಟೋ ಮನೆಗಳು ಈ ಕೆಮ್ಮನ್ನು ಕಂಡಿವೆ.

ಬೆಂಗಳೂರಿಗಿಂತ ಮೊದಲು ಕರೆಂಟು

ಗಣಿಯ ಯಂತ್ರಗಳಿಗೆ ಕರೆಂಟು ಬೇಕಿತ್ತು. ಕಾವೇರಿ ನದಿ ಶಿವನಸಮುದ್ರದಲ್ಲಿ ಧುಮುಕುತ್ತದೆ. ಅಲ್ಲಿ ಕರೆಂಟು ತಯಾರಿಸಿದರು. ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಇಲ್ಲಿಗೆ ತಂದರು. ಬೆಂಗಳೂರಿಗೆ ಕರೆಂಟು ಬಂದದ್ದು 1905ರಲ್ಲಿ. ಅಂದರೆ ಮೂರು ವರ್ಷ ತಡವಾಗಿ! ನೀರು ಬಂದದ್ದು ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ. ಆ ಕೆರೆಯನ್ನೂ ನೋಡಿ ಬರಬಹುದು.

ಬಂಗಲೆ ಒಂದು ಕಡೆ, ಲೈನ್ ಮನೆ ಒಂದು ಕಡೆ

ಊರೊಳಗೆ ನಡೆದು ಹೋಗೋಣ. ಒಂದು ಕಡೆ ದೊರೆಗಳ ಬಂಗಲೆಗಳು. ತೋಟ, ಕ್ಲಬ್ಬು, ಆಟದ ಮೈದಾನ, ಚರ್ಚು. ಈ ಊರನ್ನು ಪುಟ್ಟ ಇಂಗ್ಲೆಂಡ್ ಅಂತ ಕರೆಯುತ್ತಿದ್ದರು.

ಇನ್ನೊಂದು ಕಡೆ ಕೆಲಸಗಾರರ ಲೈನ್ ಮನೆಗಳು. ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಪುಟ್ಟ ಮನೆಗಳು. ಮೊದಮೊದಲು ಅದೂ ಇರಲಿಲ್ಲ. ಬಿದಿರು ತಟ್ಟಿಯ ಗುಡಿಸಲುಗಳಿದ್ದವು. ಪುಟ್ಟ ಇಂಗ್ಲೆಂಡ್ ಎಂಬ ಹೆಸರು ಈ ಮನೆಗಳಿಗೆ ಒಪ್ಪುತ್ತದೆಯೆ?

ನೆಲದ ಕೆಳಗೆ ದುಡಿದವರಲ್ಲಿ ಹೆಚ್ಚಿನವರು ತಮಿಳು ನಾಡಿನ ಆರ್ಕಾಟು, ಸೇಲಂ ಕಡೆಯಿಂದ ಬಂದವರು. ಅವರಲ್ಲಿ ದಲಿತರು ಬಹಳ ಮಂದಿ. ಊರಿನಲ್ಲಿದ್ದ ಜಾತಿಯ ಕಾಟ, ಬರಗಾಲ ಬಿಟ್ಟು ಕೂಲಿಗಾಗಿ ಬಂದರು. ಚಿತ್ತೂರು ಕಡೆಯಿಂದ ತೆಲುಗು ಮಾತಾಡುವವರೂ ಬಂದರು. ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ ಬೀದಿಗಳಲ್ಲಿ ನಿಂತು ಕಿವಿ ಕೊಡಿ. ತಮಿಳು, ಕನ್ನಡ, ತೆಲುಗು, ಉರ್ದು ನಾಲ್ಕೂ ಕೇಳುತ್ತದೆ.

ಬೆರಳಚ್ಚು ಕೊಡುವುದಿಲ್ಲ ಎಂದವರು

1930ರಲ್ಲಿ ಗಣಿಯವರು ಹೊಸ ನಿಯಮ ತಂದರು. ಪ್ರತಿ ಕೆಲಸಗಾರನೂ ಬೆರಳಚ್ಚು ಕೊಟ್ಟು ಹೆಸರು ಬರೆಸಬೇಕು ಎಂದರು. ಪೊಲೀಸರು ಬೆರಳಚ್ಚು ತೆಗೆದುಕೊಳ್ಳುವುದು ಯಾರಿಂದ? ತಪ್ಪು ಮಾಡಿದವರಿಂದ. ದುಡಿಯುವ ನಮಗೇಕೆ ಇದು? ಕೆಲಸಗಾರರು ಒಪ್ಪಲಿಲ್ಲ. ಸಾವಿರಾರು ಜನ ಕೆಲಸ ನಿಲ್ಲಿಸಿ ಹೊರಗೆ ನಿಂತರು.

ಅವರಲ್ಲಿ ಬಹಳ ಮಂದಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಬೆರಳು ಒತ್ತುವ ಮೊದಲು ಯಾಕೆ ಅಂತ ಕೇಳಿದರು. ಇದನ್ನು ನಾವು ನೆನಪಿಡಬೇಕು.

ಬೂದು ಬಣ್ಣದ ಗುಡ್ಡಗಳು

ಊರ ಪಕ್ಕದಲ್ಲೇ ಚಪ್ಪಟೆ ತಲೆಯ ಗುಡ್ಡಗಳಿವೆ. ಇವು ದೇವರು ಮಾಡಿದ ಗುಡ್ಡಗಳಲ್ಲ. ಗಣಿಯ ಕಸ. ಕಲ್ಲನ್ನು ಯಂತ್ರದಲ್ಲಿ ಕುಟ್ಟಿ ಹಿಟ್ಟು ಮಾಡುತ್ತಿದ್ದರು. ಸಯನೈಡ್ ಎಂಬ ವಿಷ ಬೆರೆಸಿದ ನೀರಿನಲ್ಲಿ ಆ ಹಿಟ್ಟನ್ನು ನೆನೆಸುತ್ತಿದ್ದರು. ಚಿನ್ನ ಆ ನೀರಿಗೆ ಇಳಿಯುತ್ತಿತ್ತು. ಉಳಿದ ಹಿಟ್ಟನ್ನು ಹೊರಗೆ ಸುರಿಯುತ್ತಿದ್ದರು. ನೂರು ವರ್ಷ ಸುರಿದದ್ದು ಗುಡ್ಡವಾಗಿದೆ.

ಜೋರು ಗಾಳಿ ಬಂದರೆ ಈ ದೂಳು ಮನೆಗಳಿಗೆ ನುಗ್ಗುತ್ತದೆ. ಪಾತ್ರೆ, ಬಟ್ಟೆ, ಅನ್ನದ ಮೇಲೂ ಕೂರುತ್ತದೆ. ಸಿನಿಮಾದವರು ಈ ಗುಡ್ಡಗಳ ಮೇಲೆ ಚಿತ್ರ ತೆಗೆಯುತ್ತಾರೆ. ನಾವು ದೂರದಿಂದ ನೋಡಿದರೆ ಸಾಕು.

ದೇವಸ್ಥಾನಗಳು, ಹಳೆಯ ಕಲ್ಲು

ಹತ್ತಿರದ ಕಮ್ಮಸಂದ್ರದಲ್ಲಿ ಕೋಟಿಲಿಂಗೇಶ್ವರ ಇದೆ. 1980ರಲ್ಲಿ ಶುರುವಾದ ದೇವಸ್ಥಾನ. ಅಲ್ಲಿ 108 ಅಡಿ ಎತ್ತರದ ಲಿಂಗ, 35 ಅಡಿಯ ಬಸವ ಇವೆ. ಸುತ್ತ ಲಕ್ಷಗಟ್ಟಲೆ ಸಣ್ಣ ಲಿಂಗಗಳು. ಹರಕೆ ಹೊತ್ತವರು ತಮ್ಮ ಹೆಸರಿನಲ್ಲಿ ಒಂದು ಲಿಂಗ ಇಡಿಸುತ್ತಾರೆ. ಗುಟ್ಟಹಳ್ಳಿಯಲ್ಲಿ ಬಂಗಾರು ತಿರುಪತಿ ಇದೆ. ಅಲ್ಲಿ ವೆಂಕಟರಮಣನ ದರ್ಶನ ಕಿಟಕಿಯ ಕಂಡಿಗಳ ಮೂಲಕ ಆಗುತ್ತದೆ.

ಪೆದ್ದಪಲ್ಲಿ ಹತ್ತಿರ ಇನ್ನೊಂದು ವಿಶೇಷ ಇದೆ. ಜ್ವಾಲಾಮುಖಿ ಉಗುಳಿದ ಕಲ್ಲು. ಇನ್ನೂರು ಕೋಟಿ ವರ್ಷಕ್ಕಿಂತ ಹಳೆಯದು. ಸರ್ಕಾರ ಇದನ್ನು ರಾಷ್ಟ್ರೀಯ ಸ್ಮಾರಕ ಎಂದು ಕಾಪಾಡುತ್ತಿದೆ.

ಗಣಿ ಮುಚ್ಚಿದ ಮೇಲೆ

ಮೇಲಿನ ಚಿನ್ನ ತೀರಿದ ಹಾಗೆ ಆಳಕ್ಕೆ ಹೋಗಬೇಕಾಯಿತು. ಖರ್ಚು ಹೆಚ್ಚಿತು, ಚಿನ್ನ ಕಡಿಮೆಯಾಯಿತು. ಆ ಹೊತ್ತಿಗೆ ಗಣಿ ಸರ್ಕಾರದ್ದಾಗಿತ್ತು. 1956ರಲ್ಲಿ ಮೈಸೂರು ರಾಜ್ಯ ತೆಗೆದುಕೊಂಡಿತ್ತು. 1962ರಲ್ಲಿ ಕೇಂದ್ರದ ಕೈಗೆ ಹೋಯಿತು. ಕೊನೆಗೆ 2001ರಲ್ಲಿ ಗಣಿಯನ್ನು ಮುಚ್ಚಿದರು. 120 ವರ್ಷಗಳಲ್ಲಿ ತೆಗೆದ ಚಿನ್ನ ಸುಮಾರು 800 ಟನ್.

ಕೆಲಸ ಹೋದ ಮನೆಗಳಲ್ಲಿ ಒಲೆ ಉರಿಯಬೇಕಲ್ಲ? ಗಂಡಸರು, ಹೆಂಗಸರು, ಹುಡುಗ ಹುಡುಗಿಯರು ಬೆಂಗಳೂರಿನ ಕೆಲಸಕ್ಕೆ ಹೊರಟರು. ಈಗಲೂ ಬೆಳಗಿನ ಜಾವದ ರೈಲು ತುಂಬಿ ಹೋಗುತ್ತದೆ. ರಾತ್ರಿಯ ರೈಲು ತುಂಬಿ ಬರುತ್ತದೆ. ಆ ರೈಲಿನಲ್ಲಿ ಬರುವ ಅಕ್ಕಂದಿರನ್ನು ಮಾತಾಡಿಸಿ. ಅವರ ಅಪ್ಪ, ತಾತ ಗಣಿಯಲ್ಲಿ ಏನು ಮಾಡುತ್ತಿದ್ದರು ಅಂತ ಕೇಳಿ. ಯಾವ ಬೋರ್ಡಿನಲ್ಲೂ ಬರೆಯದ ಕಥೆ ಅವರ ಬಾಯಲ್ಲಿದೆ.

ಹೋಗುವವರು ನೆನಪಿಡಿ

ಮುಚ್ಚಿದ ಶಾಫ್ಟಿನ ಹತ್ತಿರ ಹೋಗಬೇಡಿ. ಗಣಿಯ ಬೇಲಿ ದಾಟಬೇಡಿ. ದೂಳಿನ ಗುಡ್ಡ ಹತ್ತಬೇಡಿ, ಮಕ್ಕಳನ್ನೂ ಬಿಡಬೇಡಿ. ಅಲ್ಲಿ ನಿಂತ ನೀರು ಮುಟ್ಟಬೇಡಿ. ಬುತ್ತಿ, ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ. ವಾಪಸ್ಸು ರೈಲಿನ ಹೊತ್ತನ್ನು ನಿಲ್ದಾಣದ ಬೋರ್ಡಿನಲ್ಲಿ ಓದಿ ಬರೆದುಕೊಳ್ಳಿ.

ಲೆಕ್ಕ ಮಾಡಿ, ಮಾತಾಡಿ

1. ಒಂದು ಟನ್ ಕಲ್ಲಿನಲ್ಲಿ 4 ಗ್ರಾಂ ಚಿನ್ನ ಸಿಗುತ್ತದೆ ಅಂದುಕೊಳ್ಳಿ. ಒಂದು ಪವನು ಅಂದರೆ 8 ಗ್ರಾಂ. ಒಂದು ಪವನಿಗೆ ಎಷ್ಟು ಕಲ್ಲು ಕುಟ್ಟಬೇಕು? (2 ಟನ್. ಅಂದರೆ 50 ಕಿಲೋದ 40 ಮೂಟೆ!)

2. ಚಿನ್ನ ಊರು ಬಿಟ್ಟು ಹೋಯಿತು. ಊರಿನಲ್ಲಿ ಉಳಿದದ್ದು ಏನೇನು?

3. ನಿಮ್ಮ ಊರಿನಲ್ಲಿ ಕಲ್ಲು ಕ್ವಾರಿ, ಕಾರ್ಖಾನೆ ಇದೆಯೆ? ಅಲ್ಲಿ ದುಡಿಯುವವರಿಗೆ ಕೆಮ್ಮು ಇದೆಯೆ? ಯಾರು ಕೇಳಬೇಕು? ಯಾರನ್ನು ಕೇಳಬೇಕು?