ಹಾಡಿಗೂ ಬೆರಳಚ್ಚು ಉಂಟೆ?

ಆಸ್ಟ್ರೇಲಿಯದ ಸಂಗೀತಗಾರರಾದ ಸೆಬಾಸ್ಟಿಯನ್ ಟಾಮ್‌ಚಾಕ್ ಎಂಬವರು 2015ರಲ್ಲಿ ಹತ್ತು ಗಂಟೆಗಳಷ್ಟು ದೀರ್ಘವಾದ ಒಂದು ವೀಡಿಯೊವನ್ನು ಯೂಟ್ಯೂಬಿನಲ್ಲಿ ಪ್ರಕಟಿಸಿದರು. ಅದರಲ್ಲಿ ಹಾಡಿರಲಿಲ್ಲ, ತಾಳವಿರಲಿಲ್ಲ, ಮಾತೂ ಇರಲಿಲ್ಲ. ಯಾವ ನಿಲಯಕ್ಕೂ ಹೊಂದಿಸದ ರೇಡಿಯೊ ಹೊರಡಿಸುವಂಥ 'ಸುಯ್' ಎಂಬ ಸದ್ದೊಂದೇ ಆದ್ಯಂತವೂ ಕೇಳಿಬರುತ್ತಿತ್ತು. ಎಲ್ಲ ಬಣ್ಣಗಳೂ ಬೆರೆತ ಬೆಳಕು ಬಿಳಿಯಾಗಿ ತೋರುವುದಷ್ಟೆ. ಹಾಗೆಯೇ ಎಲ್ಲ ಕಂಪನಾಂಕಗಳೂ ಸಮವಾಗಿ ಬೆರೆತ ಇಂಥ ಸದ್ದನ್ನು ವಿಜ್ಞಾನಿಗಳು 'ಬಿಳಿ ಸದ್ದು' ಎನ್ನುತ್ತಾರೆ. ಅದನ್ನು ಅವರು ಗಣಕಯಂತ್ರದ ನೆರವಿನಿಂದ ತಾವೇ ತಯಾರಿಸಿದ್ದರು. ಆದರೂ 2018ರ ಆರಂಭದ ಹೊತ್ತಿಗೆ, "ಈ ಸದ್ದು ನಮ್ಮದು" ಎಂಬ ಐದು ಹಕ್ಕುಮಂಡನೆಗಳು ಅದರ ಮೇಲೆ ಬಂದಿದ್ದವು!

ಇದು ಹೇಗೆ ಸಾಧ್ಯವಾಯಿತು? ಈ ಪ್ರಶ್ನೆ ಅವರೊಬ್ಬರದಲ್ಲ. ಕಾಲೇಜಿನ ಉತ್ಸವದಲ್ಲಿ ತಾವು ಹಾಡಿದುದನ್ನು ಅಂತರಜಾಲದಲ್ಲಿ ಪ್ರಕಟಿಸುವ ವಿದ್ಯಾರ್ಥಿಗಳಿಗೂ ಬಳಕೆಯ ಮಾತಿನಲ್ಲಿ 'ಕ್ಲೇಮು' ಎನಿಸಿಕೊಳ್ಳುವ ಇಂಥ ಸೂಚನೆ ಬರಬಹುದು. ಬಂದಾಗ ಹೆದರುವುದರಿಂದಾಗಲಿ ಸಿಟ್ಟಾಗುವುದರಿಂದಾಗಲಿ ಪ್ರಯೋಜನವಿಲ್ಲ. ಅದನ್ನು ಹೊರಡಿಸಿದವರಾರು, ಅದರ ಅರ್ಥವೇನು ಎಂಬುದನ್ನು ಮೊದಲು ತಿಳಿಯಬೇಕು.

ಬಹುಮಟ್ಟಿಗೆ ಅದನ್ನು ಹೊರಡಿಸುವುದು ಮನುಷ್ಯನಲ್ಲ, ಯಂತ್ರ. ಯೂಟ್ಯೂಬ್ ಸಂಸ್ಥೆ 2007ರಲ್ಲಿ 'ಕಂಟೆಂಟ್ ಐಡಿ' ಎಂಬ ವ್ಯವಸ್ಥೆಯನ್ನು ಬಳಕೆಗೆ ತಂದಿತು. ಧ್ವನಿಮುದ್ರಣ ಕಂಪೆನಿಗಳೇ ಮೊದಲಾದವರು ತಮ್ಮ ಮುದ್ರಣಗಳ ಮಾದರಿಗಳನ್ನು ಅದರ ಭಂಡಾರಕ್ಕೆ ಒಪ್ಪಿಸುತ್ತಾರೆ. ಹೊಸದಾಗಿ ಬರುವ ಪ್ರತಿಯೊಂದು ವೀಡಿಯೊವನ್ನೂ ಯಂತ್ರವು ಆ ಮಾದರಿಗಳೊಡನೆ ಹೋಲಿಸಿ ನೋಡುತ್ತದೆ.

ಕಿವಿಯಿಲ್ಲದ ಯಂತ್ರ ಹಾಡನ್ನು ಗುರುತಿಸುವುದೆಂತು? ಇದಕ್ಕಾಗಿ ಬಳಕೆಯಲ್ಲಿರುವ ವಿಧಾನಗಳಲ್ಲೊಂದನ್ನು ಏವರಿ ವಾಂಗ್ ಎಂಬವರು 2003ರಲ್ಲಿ ವಿವರಿಸಿದರು. ಹಾಡನ್ನು ಸೆಕೆಂಡಿನ ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿ, ಒಂದೊಂದು ಭಾಗದಲ್ಲಿಯೂ ಯಾವ ಯಾವ ಕಂಪನಾಂಕದ ಸ್ವರ ಎಷ್ಟು ಬಲವಾಗಿದೆಯೆಂಬುದನ್ನು ಯಂತ್ರವು ಲೆಕ್ಕಹಾಕುತ್ತದೆ. ಅಡ್ಡಲಾಗಿ ಕಾಲವನ್ನೂ ನೆಟ್ಟಗೆ ಕಂಪನಾಂಕವನ್ನೂ ಗುರುತಿಸಿದರೆ ಬೆಟ್ಟಗಾಡಿನ ಭೂಪಟದಂಥ ಒಂದು ನಕ್ಷೆ ದೊರೆಯುತ್ತದೆ. ಅದರಲ್ಲಿ ಎತ್ತರವಾದ ಶಿಖರಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕುದನ್ನು ಬಿಟ್ಟುಬಿಡುತ್ತಾರೆ. ಅನಂತರ ಎರಡೆರಡು ಶಿಖರಗಳನ್ನು ಜೋಡಿಮಾಡಿ, ಅವುಗಳ ಕಂಪನಾಂಕಗಳನ್ನೂ ನಡುವಣ ಕಾಲವನ್ನೂ ಸೇರಿಸಿ ಒಂದು ಸಂಖ್ಯೆಯಾಗಿ ಬರೆದಿಡುತ್ತಾರೆ. ಇಂಥ ಅಸಂಖ್ಯ ಸಂಖ್ಯೆಗಳ ಮೊತ್ತವೇ ಹಾಡಿನ ಬೆರಳಚ್ಚು. ಸಭೆಯ ಗದ್ದಲದ ನಡುವೆಯೂ ಶಿಖರಗಳಲ್ಲಿ ಹಲವು ಅಳಿಯದೆ ಉಳಿಯುವುದರಿಂದ ಯಂತ್ರವು ಹಾಡನ್ನು ಪತ್ತೆಹಚ್ಚಬಲ್ಲುದು.

ಆದರೆ ಯಂತ್ರಕ್ಕೆ ತಿಳಿಯುವುದು ಹೋಲಿಕೆ ಮಾತ್ರ. ಹಕ್ಕು ಯಾರದೆಂಬುದನ್ನು ಅದು ಅರಿಯದು. ಬೇರೆ ಕೆಲವರೂ ತಮ್ಮ ಬಿಳಿ ಸದ್ದಿನ ಮುದ್ರಣಗಳನ್ನು ಭಂಡಾರಕ್ಕೆ ಒಪ್ಪಿಸಿದ್ದರು. ಒಂದು ಬಿಳಿ ಸದ್ದು ಇನ್ನೊಂದರಂತೆ ಕೇಳಿಸುವುದು ಸಹಜವೇ ಅಲ್ಲವೆ? 2018ರಲ್ಲಿಯೇ ಜೇಮ್ಸ್ ರೋಡ್ಸ್ ಎಂಬ ಪಿಯಾನೊ ವಾದಕರು ಬಾಖ್‌ನ ಕೃತಿಯೊಂದನ್ನು ತಾವೇ ನುಡಿಸಿ ಫೇಸ್‌ಬುಕ್ಕಿನಲ್ಲಿ ಪ್ರಕಟಿಸಿದಾಗ, ಅದರ 47 ಸೆಕೆಂಡುಗಳು ಸೋನಿ ಸಂಸ್ಥೆಗೆ ಸೇರಿದುವೆಂದು ಸೂಚನೆ ಬಂದಿತು. ಬಾಖ್ ತೀರಿಕೊಂಡುದು 1750ರಲ್ಲಿ! ಅವರು ಪ್ರತಿಭಟಿಸಿದ ಮೇಲೆ ಆ ಕ್ಲೇಮು ಹಿಂತೆಗೆಯಲ್ಪಟ್ಟಿತು.

ಹಾಗಾದರೆ ಹಳೆಯ ಕೃತಿಗಳನ್ನೆಲ್ಲ ಮನಬಂದಂತೆ ಬಳಸಬಹುದೆ? ಇಲ್ಲಿ ಎಚ್ಚರ ಬೇಕು. ಒಂದು ಹಾಡಿನಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಎಂಬ ಮೂರು ಬೇರೆ ಬೇರೆ ಸ್ವತ್ತುಗಳು ಅಡಗಿವೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಮೊದಲೆರಡರ ಹಕ್ಕು ಕರ್ತೃವಿನ ಜೀವಿತಕಾಲವೂ ಮರಣಾನಂತರ 60 ವರ್ಷಗಳೂ ಇರುತ್ತದೆ. ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮೇಲೆ 60 ವರ್ಷ. ಪುರಂದರದಾಸರ ಪದಗಳು ಇಂದು ಎಲ್ಲರ ಸ್ವತ್ತು. ಆದರೆ ಆ ಪದಕ್ಕೆ ಈಚಿನ ಸಂಗೀತಗಾರರೊಬ್ಬರು ಹೊಸ ಧಾಟಿ ಕಟ್ಟಿದ್ದರೆ ಧಾಟಿ ಅವರದು. ಅದನ್ನು ಕಂಪೆನಿಯೊಂದು ಮುದ್ರಿಸಿದ್ದರೆ ಮುದ್ರಣ ಕಂಪೆನಿಯದು. ಪದವನ್ನು ಸಂಪ್ರದಾಯದ ಧಾಟಿಯಲ್ಲಿ ನೀವೇ ಹಾಡುವುದು ಒಂದು; ಪ್ರಸಿದ್ಧ ಗಾಯಕರ ಮುದ್ರಣವನ್ನು ನಿಮ್ಮ ಚಿತ್ರಗಳ ಹಿನ್ನೆಲೆಗೆ ಹಾಕುವುದು ಇನ್ನೊಂದು.

ಕೆಲವು ತಪ್ಪು ತಿಳಿವಳಿಕೆಗಳು ಬಹಳ ಹರಡಿವೆ. ಗಾಯಕರ ಹೆಸರನ್ನು ಸೂಚಿಸಿದರೆ ಸಾಕೆಂದು ಕೆಲವರೂ, ಹತ್ತು ಸೆಕೆಂಡುಗಳಿಗೆ ಅಡ್ಡಿಯಿಲ್ಲವೆಂದು ಕೆಲವರೂ ನಂಬುತ್ತಾರೆ. ಕೃತಜ್ಞತೆ ಹೇಳುವುದು ಸೌಜನ್ಯ, ಅದು ಅನುಮತಿಯಲ್ಲ. ವಿಮರ್ಶೆ, ಸ್ವಂತ ಅಧ್ಯಯನ ಮೊದಲಾದುವುಗಳಿಗೆ ಕಾಯಿದೆ ವಿನಾಯಿತಿ ಕೊಟ್ಟಿದೆ. ಆದರೆ ಇಷ್ಟೇ ಸೆಕೆಂಡುಗಳೆಂಬ ಅಳತೆಯನ್ನು ಹೇಳಿಲ್ಲ.

ಯೂಟ್ಯೂಬಿನ ಈಗಿನ ನಿಯಮಗಳಲ್ಲಿ ಕ್ಲೇಮು ಬೇರೆ, 'ಸ್ಟ್ರೈಕ್' ಬೇರೆ. ಕ್ಲೇಮು ಬಂದರೆ ಸಾಮಾನ್ಯವಾಗಿ ಜಾಹೀರಾತಿನ ಹಣ ಹಕ್ಕುದಾರನೆನಿಸಿಕೊಂಡವನಿಗೆ ಹೋಗುತ್ತದೆ, ಇಲ್ಲವೆ ವೀಡಿಯೊ ಕೆಲವೆಡೆ ತಡೆಯಲ್ಪಡುತ್ತದೆ. ಸ್ಟ್ರೈಕ್ ಇನ್ನೂ ಗಂಭೀರವಾದುದು: ಕಾನೂನಿನಂತೆ ಬೇಡಿಕೆ ಬಂದು ವೀಡಿಯೊವನ್ನು ತೆಗೆದುಹಾಕಿದಾಗ ಅದು ಬರುತ್ತದೆ, 90 ದಿನಗಳೊಳಗೆ ಮೂರು ಬಂದರೆ ಇಡೀ ವಾಹಿನಿಯೇ ಮುಚ್ಚಿಹೋಗಬಹುದು.

ಕ್ಲೇಮು ನ್ಯಾಯವಾದುದಾದರೆ ಅದನ್ನು ಒಪ್ಪಬಹುದು. ಅಥವಾ ಆ ಭಾಗವನ್ನು ಕತ್ತರಿಸಬಹುದು, ಸದ್ದಡಗಿಸಬಹುದು, ಬೇರೆ ಸಂಗೀತವನ್ನು ಹಾಕಬಹುದು. ಅನ್ಯಾಯವಾದುದಾದರೆ ಕಾರಣಸಹಿತವಾಗಿ ಆಕ್ಷೇಪಣೆ ಸಲ್ಲಿಸಬೇಕು. ಐದು ದಿನಗಳೊಳಗೆ ಸಲ್ಲಿಸಿದರೆ ಕ್ಲೇಮು ಬಂದ ದಿನದಿಂದಲೇ ಹಣವನ್ನು ತಡೆದಿರಿಸುತ್ತಾರೆ. ಎದುರು ಪಕ್ಷ ಉತ್ತರಿಸಲು 30 ದಿನಗಳ ಅವಧಿಯುಂಟು. ಉತ್ತರಿಸದಿದ್ದರೆ ಕ್ಲೇಮು ಬಿದ್ದುಹೋಗುತ್ತದೆ. ಅವರು ಆಕ್ಷೇಪಣೆಯನ್ನು ತಳ್ಳಿಹಾಕಿದರೆ ಮೇಲ್ಮನವಿಗೆ ಅವಕಾಶವಿದೆ. ಆಗ ಅವರು ಏಳು ದಿನಗಳಲ್ಲಿ ಉತ್ತರಿಸಬೇಕು. ಆದರೆ ಈ ಹಂತದಲ್ಲಿ ಅವರು ವೀಡಿಯೊವನ್ನು ತೆಗೆಸಲು ಕಾನೂನಿನ ಬೇಡಿಕೆಯನ್ನೇ ಕಳುಹಿಸಬಹುದು. ಆಗ ಸ್ಟ್ರೈಕ್ ತಪ್ಪದು. ಆದುದರಿಂದ ನಿಜವಾದ ಹಕ್ಕಿಲ್ಲದೆ ಆಕ್ಷೇಪಿಸುವುದು ಅಪಾಯ. ಹಕ್ಕಿದ್ದೂ ಸುಮ್ಮನಿರುವುದು ನಮ್ಮ ಶ್ರಮದ ಫಲವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಂತೆ.

ಎರಡೂ ಸಂದರ್ಭಗಳಲ್ಲಿ ನೆರವಿಗೆ ಬರುವುದು ದಾಖಲೆಯೇ. ಹಾಡಿದವರಾರು, ಧಾಟಿ ಯಾರದು, ಮುದ್ರಿಸಿದುದು ಎಂದು, ಅನುಮತಿ ಕೊಟ್ಟವರಾರು ಎಂಬುದನ್ನು ಪ್ರಕಟಣೆಗೆ ಮುನ್ನವೇ ಬರೆದಿಟ್ಟುಕೊಂಡವನು ಸೂಚನೆ ಬಂದಾಗ ತಬ್ಬಿಬ್ಬಾಗುವುದಿಲ್ಲ. ಬೆರಳಚ್ಚನ್ನು ಓದುವ ಕೆಲಸ ಯಂತ್ರದ್ದು. ನ್ಯಾಯವನ್ನು ತೂಗಿ ನೋಡುವ ಕೆಲಸ ಇಂದಿಗೂ ಮನುಷ್ಯನದೇ.