ಹಳೆಯ ನಾಣ್ಯದ ಮೇಲಿನ ಮೀನು, ಆಮೆ, ಕಮಲ: ಇವು ಜೈನ ನಾಣ್ಯಗಳೇ?



ಜೋಡಿ ಮೀನಿನ ಗುರುತಿರುವ ಒಂದು ಚಿನ್ನದ ನಾಣ್ಯದ ಫೋಟೊ ನಮ್ಮವರ ಮೊಬೈಲ್‌ಗಳಲ್ಲಿ ಆಗಾಗ ಓಡಾಡುತ್ತದೆ. ಕೆಳಗೆ ‘ಅರನಾಥ ತೀರ್ಥಂಕರರ ಪ್ರಾಚೀನ ನಾಣ್ಯ’ ಎಂಬ ಬರಹ. ಕೆಲವು ವರ್ಷಗಳ ಹಿಂದೆ ನಮ್ಮ ಬಸದಿಯ ಸ್ಮರಣ ಸಂಚಿಕೆಗೆ ಅದೇ ಫೋಟೊ, ಅದೇ ಬರಹ ಕೊಟ್ಟವನು ನಾನೇ. ಅಚ್ಚಿಗೆ ಹೋಗುವ ಮೊದಲು ಹಿರಿಯ ಶಿಕ್ಷಕರೊಬ್ಬರು, “ಇನ್ನೊಂದು ಬದಿಯಲ್ಲಿ ಅಕ್ಷರ ಇದೆಯಲ್ಲ, ಓದಿದಿರಾ?” ಎಂದು ಕೇಳಿದರು. ನಾನು ಓದಿರಲಿಲ್ಲ. ಅಲ್ಲಿ ಇದ್ದದ್ದು ‘ಶ್ರೀ ಪಾಂಡ್ಯ ಧನಂಜಯ’. ಅದು ತುಳುನಾಡನ್ನು ಆಳಿದ ಆಳುಪ ಅರಸರ ನಾಣ್ಯ. ಬರಹವನ್ನು ತೆಗೆಸಿದೆವು. ಅಂದಿನಿಂದ ಈ ವಿಷಯದ ಬಗ್ಗೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ಏಕೆ ತಪ್ಪುತ್ತೇವೆ?

ನಮ್ಮ ತೀರ್ಥಂಕರರ ಲಾಂಛನಗಳಲ್ಲಿ ನೀರಿಗೆ ಸಂಬಂಧಿಸಿದವು ಹಲವು ಇವೆ. ದಿಗಂಬರ ಸಂಪ್ರದಾಯದಂತೆ 6ನೆಯ ಪದ್ಮಪ್ರಭರಿಗೆ ಕಮಲ, 9ನೆಯ ಪುಷ್ಪದಂತರಿಗೆ ಮಕರ, 18ನೆಯ ಅರನಾಥರಿಗೆ ಮೀನು, 20ನೆಯ ಮುನಿಸುವ್ರತರಿಗೆ ಆಮೆ, 21ನೆಯ ನಮಿನಾಥರಿಗೆ ನೀಲಕಮಲ, 22ನೆಯ ನೇಮಿನಾಥರಿಗೆ ಶಂಖ. 10ನೆಯ ಶೀತಲನಾಥರಿಗೆ ಕಲ್ಪವೃಕ್ಷ. ಶ್ವೇತಾಂಬರರಲ್ಲಿ ಅರನಾಥರ ಲಾಂಛನ ನಂದ್ಯಾವರ್ತ. ಆದರೆ ಅವರ ಅಷ್ಟಮಂಗಲಗಳಲ್ಲಿ ಮೀನಿನ ಜೋಡಿ ಇದೆ. ಜಿನಮಾತೆ ಕಾಣುವ ಹದಿನಾರು ಸ್ವಪ್ನಗಳಲ್ಲೂ ಮೀನಿನ ಜೋಡಿ ಬರುತ್ತದೆ. ಚಿಕ್ಕಂದಿನಿಂದ ಇದನ್ನೆಲ್ಲ ಕೇಳಿ ಬೆಳೆದ ನಮಗೆ ನಾಣ್ಯದ ಮೇಲೆ ಮೀನು ಕಂಡ ಕೂಡಲೇ ‘ಇದು ನಮ್ಮದು’ ಅನ್ನಿಸುವುದು ಸಹಜ. ಆದರೆ ಅನ್ನಿಸುವುದೇ ಪುರಾವೆಯಲ್ಲ.

ಅಕ್ಷರವಿಲ್ಲದ ಬೆಳ್ಳಿ ನಾಣ್ಯಗಳು

ನಮ್ಮ ದೇಶದ ಅತಿ ಹಳೆಯ ನಾಣ್ಯಗಳೆಂದರೆ ಮುದ್ರಾಂಕಿತ ಬೆಳ್ಳಿ ನಾಣ್ಯಗಳು. ಬೆಳ್ಳಿಯ ತಗಡನ್ನು ಕತ್ತರಿಸಿ, ತೂಕ ಸರಿಮಾಡಿ, ಒಂದೊಂದೇ ಗುರುತನ್ನು ಒತ್ತುತ್ತಿದ್ದರು. ತೂಕ ಸುಮಾರು ಮೂರೂವರೆ ಗ್ರಾಂ. ಮಗಧದ ಮತ್ತು ಮೌರ್ಯರ ಕಾಲದ ನಾಣ್ಯಗಳ ಮೇಲೆ ಸಾಮಾನ್ಯವಾಗಿ ಐದು ಗುರುತುಗಳಿರುತ್ತವೆ. ಸೂರ್ಯ ಮತ್ತು ಆರು ತೋಳಿನ ಚಕ್ರ ಹೆಚ್ಚಿನವುಗಳಲ್ಲಿ ಇದ್ದೇ ಇರುತ್ತವೆ. ಉಳಿದ ಗುರುತುಗಳಲ್ಲಿ ಬೆಟ್ಟ, ಆನೆ, ಗೂಳಿ, ಕಟಕಟೆಯೊಳಗಿನ ಮರ, ಕೊಳದಲ್ಲಿ ಮೀನು, ಆಮೆ ಹೀಗೆ ನೂರಾರು ಬಗೆ. ಹಿಂಬದಿಯಲ್ಲಿ ಕಾಣುವ ಸಣ್ಣ ಸಣ್ಣ ಗುರುತುಗಳಲ್ಲಿ ಹಲವು, ಬೆಳ್ಳಿಯನ್ನು ಪರೀಕ್ಷಿಸಿದ ಸಾಹುಕಾರರು ಒತ್ತಿದವು ಎಂದು ವಿದ್ವಾಂಸರು ಹೇಳುತ್ತಾರೆ. ವ್ಯಾಪಾರಿಯಾದ ನನಗೆ ಇದು ಬಹಳ ಇಷ್ಟವಾದ ಸಂಗತಿ.

ಈ ನಾಣ್ಯಗಳ ಮೇಲೆ ಹೆಸರಿಲ್ಲ. ಒಂದೇ ನಾಣ್ಯದಲ್ಲಿ ಸೂರ್ಯ, ಮರ, ಆಮೆ ಒಟ್ಟಿಗಿದ್ದರೆ ಆಮೆಯನ್ನು ಮಾತ್ರ ಹಿಡಿದು ‘ಮುನಿಸುವ್ರತರ ನಾಣ್ಯ’ ಎನ್ನಲಾಗುವುದಿಲ್ಲ. ಕಟಕಟೆಯೊಳಗಿನ ಮರವನ್ನು ಬೌದ್ಧರು ಬೋಧಿವೃಕ್ಷ ಎನ್ನಬಹುದು, ನಾವು ಚೈತ್ಯವೃಕ್ಷ ಎನ್ನಬಹುದು. ಆ ಕಾಲದಲ್ಲಿ ಮರವನ್ನು ಪೂಜಿಸದ ಜನರೇ ಕಡಿಮೆ.

ಇದೇ ಮರದ ಗುರುತು ನಮ್ಮ ನಾಡಿನ ನಾಣ್ಯಗಳಲ್ಲೂ ಇದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ಮಹಾರಠಿಗಳ ಸೀಸದ ನಾಣ್ಯಗಳಲ್ಲಿ ಒಂದು ಬದಿಗೆ ಗೂಳಿ, ಇನ್ನೊಂದು ಬದಿಗೆ ಕಟಕಟೆಯೊಳಗಿನ ಮರ ಮತ್ತು ಬೆಟ್ಟ. ಬನವಾಸಿಯ ಚುಟು ಅರಸರ ಸೀಸದ ನಾಣ್ಯಗಳಲ್ಲೂ ಬೆಟ್ಟ ಮತ್ತು ಮರ.

ಅರಸರ ಮೀನು

ಮೀನು ಎಂದರೆ ಮೊದಲು ನೆನೆಯಬೇಕಾದವರು ಮಧುರೆಯ ಪಾಂಡ್ಯರು. ಅವರ ಹಳೆಯ ಚೌಕ ತಾಮ್ರದ ನಾಣ್ಯಗಳಲ್ಲೇ ಗೆರೆಗಳಲ್ಲಿ ಬಿಡಿಸಿದ ಮೀನಿದೆ. ಏಳನೆಯ ಶತಮಾನದ ಪಾಂಡ್ಯ ಅರಸನೊಬ್ಬ ಮೊದಲು ಜೈನನಾಗಿದ್ದು ನಂತರ ಶೈವನಾದ ಎಂದು ತಮಿಳು ಶೈವ ಪರಂಪರೆ ಹೇಳುತ್ತದೆ. ಅರಸನ ಮತ ಬದಲಾಯಿತು, ವಂಶದ ಮೀನು ಬದಲಾಗಲಿಲ್ಲ. ಮುಂದೆ ಚೋಳರು ಪಾಂಡ್ಯರನ್ನು ಗೆದ್ದಾಗ ತಮ್ಮ ನಾಣ್ಯಗಳಲ್ಲಿ ಹುಲಿಯ ಪಕ್ಕದಲ್ಲಿ ಮೀನನ್ನೂ, ಚೇರರ ಬಿಲ್ಲನ್ನೂ ಹಾಕಿಸಿದರು. ಅಲ್ಲಿ ಮೀನು ಎಂದರೆ ದೇವರಲ್ಲ, ಸೋತ ಅರಸ.

ಆಳುಪರು ‘ಪಾಂಡ್ಯ’ ಎಂಬ ಬಿರುದು ಧರಿಸಿದವರು. ಅವರ ರಾಜಚಿಹ್ನೆಯೂ ಜೋಡಿ ಮೀನು. ಮಂಗಳೂರು, ಬಾರಕೂರು ಅವರ ರಾಜಧಾನಿಗಳು. ಕದ್ರಿಯಲ್ಲಿ 968ರಲ್ಲಿ ಲೋಕೇಶ್ವರನ ಕಂಚಿನ ವಿಗ್ರಹವನ್ನು ಪ್ರತಿಷ್ಠಾಪಿಸಿದ ಕುಂದವರ್ಮ ಈ ವಂಶದವನೇ; ಅವನು ಶಿವಭಕ್ತ. ಹಾಗಾಗಿ ಆ ಮೀನನ್ನು ವಂಶದ ಗುರುತು ಎಂದು ಓದುವುದೇ ಸರಿ. ಕಾರ್ಕಳದ ಚತುರ್ಮುಖ ಬಸದಿಯಲ್ಲಿ ಅರನಾಥರನ್ನು ಮಲ್ಲಿನಾಥ, ಮುನಿಸುವ್ರತರ ಜೊತೆಗೆ ನಾವು ಪೂಜಿಸುತ್ತೇವೆ. ಆ ಬಸದಿ ಕಟ್ಟಿದ್ದು 1586ರಲ್ಲಿ, ಆಳುಪರ ಕಾಲ ಮುಗಿದ ಮೇಲೆ. ಒಂದೇ ನಾಡಿನ ಎರಡು ಮೀನುಗಳನ್ನು ಒಂದು ಮಾಡಬಾರದು.

ಕಮಲದ ಮಾತೂ ಹೀಗೆಯೇ. ಪದ್ಮಟಂಕ ಎಂಬ ಚಿನ್ನದ ನಾಣ್ಯದ ನಡುವೆ ಅರಳಿದ ಕಮಲವಿದೆ. ಕಮಲ ಪದ್ಮಪ್ರಭರ ಲಾಂಛನ, ಲಕ್ಷ್ಮಿಯ ಆಸನವೂ ಹೌದು.

ದೂರದ ಗ್ರೀಕರಲ್ಲೂ ಇದೇ ಕಥೆ. ಈಜಿನಾ ದ್ವೀಪದವರು ಆಮೆಯನ್ನು, ಅಕ್ರಗಾಸ್ ನಗರದವರು ಏಡಿಯನ್ನು, ಮೆಟಪಾಂಟಮ್‌ನವರು ಜವೆಗೋದಿಯ ತೆನೆಯನ್ನು, ಕಿರೀನ್ ನಗರದವರು ತಾವು ಮಾರುತ್ತಿದ್ದ ಸಿಲ್ಫಿಯಮ್ ಗಿಡವನ್ನು ಹಾಕಿಸಿದರು. ಓದು ಬಾರದವನೂ ನೋಡಿದ ಕೂಡಲೇ ಇದು ಯಾರ ಹಣ ಎಂದು ತಿಳಿಯಬೇಕಿತ್ತು.

ಹಾಗಾದರೆ ನಮಗೇನು?

ನಮ್ಮ ಲಾಂಛನಗಳು ಈ ನೆಲದ ನೀರು, ಮರ, ಪ್ರಾಣಿಗಳಿಂದಲೇ ಬಂದವು. ಎಲ್ಲರೂ ಶುಭವೆಂದು ಕಂಡದ್ದನ್ನು ನಮ್ಮವರೂ ಕಂಡರು. ಮಥುರೆಯ ಕಂಕಾಲಿ ಟೀಲಾದಲ್ಲಿ ಸಿಕ್ಕ, ಸುಮಾರು ಎರಡು ಸಾವಿರ ವರ್ಷ ಹಳೆಯ ಆಯಾಗಪಟಗಳ ಮೇಲೆ ಜಿನಬಿಂಬದ ಜೊತೆಯಲ್ಲೇ ಮೀನಿನ ಜೋಡಿ ಇದೆ. ಅಂಥ ಗಟ್ಟಿ ಪುರಾವೆ ಇರುವಾಗ ಬೇರೆಯವರ ನಾಣ್ಯಕ್ಕೆ ನಮ್ಮ ಹೆಸರು ಅಂಟಿಸುವ ಅಗತ್ಯವಿಲ್ಲ. ಸತ್ಯಾಣುವ್ರತ ಅಂಗಡಿಯ ತಕ್ಕಡಿಗೆ ಮಾತ್ರವಲ್ಲ, ಇತಿಹಾಸಕ್ಕೂ ಅನ್ವಯಿಸುತ್ತದೆ. ‘ಜೈನ ನಾಣ್ಯ’ ಎಂದು ಹೇಳಿ ಹೆಚ್ಚು ಬೆಲೆ ಕೇಳುವವರೂ ಇದ್ದಾರೆ, ಮೋಸ ಹೋಗಬೇಡಿ.

ಮನೆಯಲ್ಲಿ ಹಳೆಯ ನಾಣ್ಯಗಳಿದ್ದರೆ ಇಷ್ಟು ಮಾಡಿ:

1. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಅಕ್ಷರ ಸವೆದರೆ ನಾಣ್ಯ ಮೂಕವಾಗುತ್ತದೆ.
2. ಕರಗಿಸಬೇಡಿ.
3. ಎರಡೂ ಬದಿಯ ಫೋಟೊ ತೆಗೆದು, ತೂಕ, ಲೋಹ, ಯಾರಿಂದ ಬಂತು, ಎಲ್ಲಿ ಸಿಕ್ಕಿತು ಎಂದು ಹಿರಿಯರನ್ನು ಕೇಳಿ ಬರೆದಿಡಿ.
4. ಮೊದಲು ಅಕ್ಷರ, ಆಮೇಲೆ ಸಿಕ್ಕ ಊರು, ಕೊನೆಗೆ ಚಿತ್ರ. ಈ ಕ್ರಮದಲ್ಲಿ ಗುರುತಿಸಿ. ತಿಳಿಯದಿದ್ದರೆ ಪುರಾತತ್ವ ಇಲಾಖೆಯವರನ್ನು ಕೇಳಿ.
5. ನೆಲ ಅಗೆಯುವಾಗ ಸಿಕ್ಕಿದ್ದರೆ ಸರ್ಕಾರಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು. ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ.

ಮುಂದಿನ ಸಲ ಮೊಬೈಲಿಗೆ ಜೋಡಿ ಮೀನಿನ ಫೋಟೊ ಬಂದರೆ ಮುಂದಕ್ಕೆ ಕಳಿಸುವ ಮೊದಲು ಒಮ್ಮೆ ಕೇಳಿ: ಇನ್ನೊಂದು ಬದಿಯಲ್ಲಿ ಏನಿದೆ?